ಪ್ರಾಣರಕ್ಷಕನ ಪರೀಕ್ಷೆ

ಕಲಬುರ್ಗಿಯ ಸ್ಕೌಟ್ ಕಚೇರಿಯಿಂದ ಬಂದ ನಮೂನೆಯಲ್ಲಿ ಏಳು ಕಲಮುಗಳಿದ್ದವು. ಆರನ್ನು ಗುರುಲಿಂಗಯ್ಯ ಮಾಸ್ತರರು ಒಂದೇ ಉಸಿರಿಗೆ ತುಂಬಿ ಮುಗಿಸಿದ್ದರು. ಹುಡುಗನ ಹೆಸರು ತಮ್ಮಣ್ಣ. ವಯಸ್ಸು ಹದಿನಾಲ್ಕು. ತಂದೆ ಅಯ್ಯಪ್ಪ, ಕಾಗಿಣಾ ಹೊಳೆಯ ಘಾಟಿನಲ್ಲಿ ಹರಗೋಲು ನಡೆಸುವ ಅಂಬಿಗ. ಹುಡುಗನ ದರ್ಜೆ ಸೆಕೆಂಡ್ ಕ್ಲಾಸ್ ಸ್ಕೌಟ್. ಉಳಿಸಿದ ಜೀವ ಮೂರು, ಒಬ್ಬ ತಾಯಿ ಮತ್ತು ಅವಳ ಇಬ್ಬರು ಮಕ್ಕಳು. ಕೊಡಬೇಕಾದ ಬಿಲ್ಲೆ ಪ್ರಾಣರಕ್ಷಕ. ಏಳನೆಯ ಕಲಮಿನಲ್ಲಿ 'ಅಪಘಾತ ಹೇಗಾಯಿತು?' ಎಂದು ಕೇಳಿತ್ತು. ಅಲ್ಲಿಗೆ ಬಂದು ನಿಂತ ಲೆಕ್ಕಣಿಕೆ ನಾಲ್ಕು ದಿನದಿಂದ ಮುಂದಕ್ಕೆ ಹೋಗಿರಲಿಲ್ಲ.

ಆ ಕಾಗದದ ಒಂದು ನಕಲು ಸೇಡಂ ತಹಸೀಲಿಗೂ ಹೋಗಬೇಕಿತ್ತು. ಸೋಮವಾರ ಅಲ್ಲಿ ಅಯ್ಯಪ್ಪನ ವಿಚಾರಣೆ. ಜನ ಕೂತ ಹರಗೋಲನ್ನು ನಡುಹೊಳೆಯಲ್ಲಿ ಬಿಟ್ಟು ನೀರಿಗೆ ಹಾರಿದ, ಮಹಾದೇವಮ್ಮ ಎಂಬ ಮುದುಕಿ ಮುಳುಗಿ ಸತ್ತಳು ಎಂಬುದು ಅವನ ಮೇಲಿನ ದೂರು. ಕಾರಣವಿಲ್ಲದೆ ಹಾರಿದ ಎಂದು ಮಾಸ್ತರರು ಬರೆದರೆ ಘಾಟಿನ ಪರವಾನಗಿ ಹೋದಂತೆಯೇ. ಅಜ್ಜನ ಕಾಲದಿಂದ ಬಂದ ಕಸುಬು ಹೋಗಿ, ತಮ್ಮಣ್ಣ ಶಾಲೆ ಬಿಟ್ಟು ಶಹಾಬಾದಿನ ಕಲ್ಲಿನ ಖಣಿಗೆ ಕೂಲಿ ಹೋಗಬೇಕಾಗುತ್ತಿತ್ತು. ಇದ್ದದ್ದನ್ನು ಇದ್ದಂತೆ ಬರೆದರೆ ಮಾಸ್ತರರ ನೌಕರಿ ಹೋಗುತ್ತಿತ್ತು. ಇನ್ನೂ ಕಾಯಂ ಆಗದ ನೌಕರಿ ಅದು, ಊದಿದರೆ ಹಾರುವಂಥದ್ದು. ಇದ್ದದ್ದು ಏನು ಎಂಬುದು ಊರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಮಾಸ್ತರರು. ಇನ್ನೊಬ್ಬ ಅವರದೇ ಸ್ಕೌಟ್ ಹುಡುಗ, ಅಂಬಾರಾಯ.

ಹೈದರಾಬಾದ ಸಂಸ್ಥಾನ ಹಿಂದೂಸ್ಥಾನಕ್ಕೆ ಸೇರಿ ಐದು ವರ್ಷವಾಗಿತ್ತು. ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದಿತ್ತು. ಆದರೆ ಸ್ಕೌಟಿನ ಪುಸ್ತಕ ಮಾತ್ರ ಹಳೆಯ ಉರ್ದುವಿನದೇ ಇತ್ತು. ಮಾಸ್ತರರು ಅದನ್ನು ಓದಿ ಹುಡುಗರಿಗೆ ಕನ್ನಡದಲ್ಲಿ ಹೇಳುತ್ತಿದ್ದರು. ಮೊದಮೊದಲು ಖಾಕಿ ಅಂಗಿ, ಕೈಯಲ್ಲಿ ಕೋಲು ಕಂಡ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕುತ್ತಿದ್ದರು. ಸಂಸ್ಥಾನ ಬೀಳುವ ಮೊದಲು ಆ ಬಣ್ಣ ತೊಟ್ಟು ಬಂದವರು ಊರಿಗೆ ಏನು ಮಾಡಿ ಹೋಗಿದ್ದರೆಂಬುದನ್ನು ಇನ್ನೂ ಯಾರೂ ಮರೆತಿರಲಿಲ್ಲ. ಮಾಸ್ತರರು ಮನೆಮನೆಗೆ ಹೋಗಿ, "ಇವು ಹೊಡಿಯೂ ಕೋಲಲ್ಲ ತಾಯಿ, ಉಳಸೂ ಕೋಲು" ಎಂದು ಹೇಳಿ ಹನ್ನೆರಡು ಹುಡುಗರನ್ನು ಕೂಡಿಸಿದ್ದರು. ಜಂಗಮರ ಮನೆಯ ಮಗ, ಓದಿದವರು ಎಂದು ಜನ ನಂಬಿದರು. ಆ ನಂಬಿಕೆಯ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತು.

ಹನ್ನೆರಡರಲ್ಲಿ ತಮ್ಮಣ್ಣ ಬೇರೆಯೇ ಮಾಟದವನು. ಮೊದಲ ದರ್ಜೆಗೆ ಗಂಟು ಕಲಿಸಲು ಹೋದರೆ ಅವನೇ ಮಾಸ್ತರರ ಗಂಟನ್ನು ನೋಡಿ ನಕ್ಕ.

"ಸರ್, ಇದು ನೀರು ಕುಡದ್ರ ಜಾರ್ತದ್ರಿ. ನಮ್ಮಪ್ಪ ಹಾಕೂ ಗಂಟ ತೋರಸ್ಲೇನ್ರಿ?"

ತೋರಿಸಿದ. ಮಾಸ್ತರರು ಎಳೆದೂ ಎಳೆದೂ ಸೋತರು. ಎರಡನೆಯ ದರ್ಜೆಗೆ ಗಾಳಿಯಲ್ಲಿ ಎರಡೇ ಕಡ್ಡಿ ಗೀರಿ ಒಲೆ ಹೊತ್ತಿಸಬೇಕಿತ್ತು. ತಮ್ಮಣ್ಣ ಒಂದೇ ಕಡ್ಡಿ ಖರ್ಚು ಮಾಡಿ, ಉಳಿದದ್ದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ರೊಟ್ಟಿ ಬಡಿದು ತಿನ್ನಿಸಿದ. ಫಸ್ಟ್ ಕ್ಲಾಸಿಗೆ ಹದಿನಾಲ್ಕು ಮೈಲಿ ನಡೆದು, ಕಂಡದ್ದನ್ನೆಲ್ಲ ಬರೆದು ಒಪ್ಪಿಸಬೇಕು. ಅವನು ಅಂಬಾರಾಯನ ಜೊತೆ ಚಿತ್ತಾಪುರದಿಂದ ವಾಡಿ ಹಾದು ಶಹಾಬಾದಿಗೆ ನಡೆದ. ಯಾವ ಸೇದುಬಾವಿಯ ನೀರು ಸಿಹಿ, ಯಾವುದು ಉಪ್ಪು, ಯಾವ ಊರಿನ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಎಂಬುದನ್ನೂ ಬಿಡದೆ ಬರೆದು ತಂದ. ಇನ್ನು ಉಳಿದದ್ದು ಪ್ರಾಣರಕ್ಷಕ ಬಿಲ್ಲೆ ಒಂದೇ. ಅದಾದರೆ ತಾಲೂಕಿಗೇ ಮೊದಲ ಫಸ್ಟ್ ಕ್ಲಾಸ್ ಸ್ಕೌಟ್ ನಮ್ಮ ಶಾಲೆಯವನು ಎಂದು ಮಾಸ್ತರರು ಆಗಲೇ ನಾಲ್ಕು ಕಡೆ ಹೇಳಿಕೊಂಡು ಬಂದಿದ್ದರು. ಹುಟ್ಟುತ್ತಲೇ ನೀರಿಗೆ ಬಿದ್ದವನಿಗೆ ಈಜಿನ ಪರೀಕ್ಷೆ ಏನು ಮಹಾ?

ಆದರೆ ಆ ಪರೀಕ್ಷೆಯಲ್ಲಿ ಒಂದು ನಿಯಮವಿತ್ತು. ಒಬ್ಬ ಹುಡುಗ ಮುಳುಗುವವನಂತೆ ನಟಿಸಿ ಕೂಗಿಕೊಳ್ಳಬೇಕು, ಪರೀಕ್ಷೆಗೆ ನಿಂತವನು ಈಜಿ ಬಂದು ಅವನನ್ನು ಎಳೆದು ದಡಕ್ಕೆ ತರಬೇಕು. ಅದನ್ನು ಕೇಳಿದ ಕೂಡಲೇ ತಮ್ಮಣ್ಣ ಎದ್ದು ನಿಂತ.

"ಹೊಳ್ಯಾಗ ಸುಳ್ಳ ಕೂಗಬಾರದ್ರಿ ಸರ್."

"ಯಾಕಪಾ?"

"ನಮ್ಮ ಮಂದ್ಯಾಗ ಇಲ್ರಿ ಅದು. ಕೂಗ ಕೇಳ್ತಂದ್ರ ಬಾಯಾಗಿನ ತುತ್ತ ಉಗಳಿ ಹಾರಬೇಕು. ಹೌದೋ ಅಲ್ಲೋ ಅಂತ ಕೇಳ್ಕೋತ ಕುಂದ್ರೂಹಂಗಿಲ್ಲ. ಅದಕ್ಕ ಸಣ್ಣ ಹುಡುಗ್ರು ಸೈತ ಆಟಕ್ಕ ಕೂಗೂದಿಲ್ರಿ. ಬೇಕಾದ್ರ ಸೀಟಿ ಊದ್ರಿ, ನಾ ಬರ್ತೀನಿ."

ಮಾಸ್ತರರಿಗೆ ಸಿಟ್ಟು ಬಂತು. ಪುಸ್ತಕದಲ್ಲಿ ಕೂಗು ಎಂದಿದ್ದರೆ ಕೂಗು. ಸೀಟಿ ಊದಿ ಮುಳುಗುವವರನ್ನು ಯಾರಾದರೂ ಕಂಡಿದ್ದಾರೆಯೇ? ಪುಸ್ತಕ ಬರೆದ ಪುಣ್ಯಾತ್ಮ ಕಾಗಿಣೆಯನ್ನು ಕಂಡವನಲ್ಲ ಎಂಬ ಮಾತು ಅವರಿಗೆ ಆಗ ಹೊಳೆಯಲಿಲ್ಲ. "ಮೂಢನಂಬಿಕಿ ಬಿಡ್ರೋ, ದೇಶ ಮುಂದ ಹೊಂಟದ" ಎಂದು ಒಂದು ಭಾಷಣ ಬಿಗಿದರು. ತಮ್ಮಣ್ಣ ತಲೆ ತಗ್ಗಿಸಿಕೊಂಡು ಕೇಳಿದ. ಪರೀಕ್ಷೆಯ ದಿನ ಮಾತ್ರ ಬರಲಿಲ್ಲ.

ಭಾದ್ರಪದದ ಆ ಮಧ್ಯಾಹ್ನ ಹೊಳೆಯ ನೀರು ಇನ್ನೂ ಕೆಂಪಾಗಿತ್ತು. ಮಾಸ್ತರರು ಅಂಬಾರಾಯನೊಬ್ಬನನ್ನೇ ಕರೆದುಕೊಂಡು ಘಾಟಿನಿಂದ ಮೇಲೆ, ತಿರುವಿನಾಚೆ ಬಂಡೆಯ ಮರೆಯ ಮಡುವಿಗೆ ಹೋದರು. ಅಂಬಾರಾಯ ಪರೀಕ್ಷೆಗೆ ನಿಂತ. ಕೂಗುವವರು ಯಾರು? ತಮ್ಮಣ್ಣನ ಮಾತು ಕೇಳಿ ಉಳಿದ ಹುಡುಗರೂ ಹಿಂದೆ ಸರಿದಿದ್ದರು. "ನಾನ ಕೂಗ್ತೀನಿ, ಏನಾಗ್ತದ ನೋಡೇ ಬಿಡೂಣು" ಎಂದು ಮಾಸ್ತರರು ಎದೆಮಟ್ಟದ ನೀರಿಗಿಳಿದರು. ಕೈ ಬಡಿದರು. ಸಣ್ಣವರಿದ್ದಾಗ ನಾಟಕದಲ್ಲಿ ಪಾರ್ಟು ಮಾಡಿದ ಗಂಟಲು ಅವರದು.

"ಉಳಸ್ರೋ ಯಪ್ಪಾ! ಮುಳುಗಾಕತ್ತೀನಿ, ಯಾರರ ಬರ್ರೋ!"

ಮೂರು ಸಲ ಕೂಗಿದರು. ಮೂರನೆಯದು ತಮಗೇ ಮೆಚ್ಚುಗೆಯಾಗುವಷ್ಟು ಚೆನ್ನಾಗಿ ಬಂತು. ಅಂಬಾರಾಯ ಈಜಿ ಬಂದು ಅವರ ಬಗಲಿಗೆ ಕೈ ಹಾಕಿದ. ಅಷ್ಟರಲ್ಲಿ ಕೆಳಗೆ ಘಾಟಿನ ಕಡೆಯಿಂದ ಚೀರಾಟ ಕೇಳಿಸಿತು.

ಓಡಿ ಹೋಗಿ ನೋಡಿದಾಗ ಹರಗೋಲು ಬಂಡೆಗೆ ಬಡಿದು ಬೋರಲಾಗಿ ತಿರುಗುತ್ತಿತ್ತು. ದಂಡೆಯಲ್ಲಿ ಬಲೆ ಹೆಣೆಯುತ್ತ ಕೂತಿದ್ದ ತಮ್ಮಣ್ಣ ಹಾರಿ, ಒಂದು ಕೂಸನ್ನು ತಂದು ಹಾಕಿ, ಮತ್ತೊಂದಕ್ಕೆ ಹೋಗಿದ್ದ; ಆಮೇಲೆ ಅವುಗಳ ತಾಯಿಯನ್ನೂ ಎಳೆದು ತಂದ. ಹರಗೋಲಿನಲ್ಲಿದ್ದ ಚಿತ್ತಾಪುರದ ಬಟ್ಟೆ ವ್ಯಾಪಾರಿ ಸಿರಾಜುದ್ದೀನ ಒಂದು ಗಿಡದ ಬೇರು ಹಿಡಿದುಕೊಂಡು ನಡುಗುತ್ತಿದ್ದ. ಅಯ್ಯಪ್ಪ ನೀರಿನಲ್ಲಿ ಮುಳುಗಿ ಮುಳುಗಿ ಏಳುತ್ತಿದ್ದ. ಮಹಾದೇವಮ್ಮ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಅರ್ಧ ಮೈಲಿ ಕೆಳಗೆ ಸಿಕ್ಕಳು.

ಸಿರಾಜುದ್ದೀನ ಸುಳ್ಳು ಹೇಳುವವನಲ್ಲ. ಪಂಚರ ಮುಂದೆ ಅವನು ಕಂಡದ್ದನ್ನೇ ಹೇಳಿದ. "ಗಾಳಿ ಭಾಳ ಇತ್ತುರಿ. ನಂಗಂತೂ ಯಾವ ಕೂಗೂ ಕೇಳಿಲ್ಲ. ಇಂವ ಕಿವಿ ನೆಟ್ಟಗ ಮಾಡ್ದ, ಹುಟ್ಟ ನನ್ನ ಕೈಯಾಗ ಕೊಟ್ಟ, 'ಗಟ್ಟಿ ಹಿಡೀರಿ ಸಾಬ್, ಈಗ ಬಂದೆ' ಅಂದ, ಹಾರೇ ಬಿಟ್ಟ. ನಂಗೇನ ಗೊತ್ತರಿ ಹುಟ್ಟ ಹಾಕೂದು? ಹರಗೋಲ ಬುಗುರಿ ಆಗಿಬಿಡ್ತು."

ಅಯ್ಯಪ್ಪ ಮೇಲಕ್ಕೆ ಈಜಿದ್ದ. ತಿರುವು ಮುಟ್ಟುವ ಮೊದಲೇ ಬೆನ್ನ ಹಿಂದೆ ತನ್ನದೇ ಹರಗೋಲಿನ ಜನ ಚೀರಿದ್ದು ಕೇಳಿ ತಿರುಗಿದ್ದ. ಬಂಡೆಯ ಮರೆಯಲ್ಲಿ ಯಾರಿದ್ದರೆಂಬುದನ್ನು ನೋಡಲೇ ಇಲ್ಲ. ಆ ಗಾಳಿಯಲ್ಲಿ ದಂಡೆಯವರಿಗೂ ಕೂಗು ಕೇಳಿರಲಿಲ್ಲ. ಊರಲ್ಲಿ ಯಾರೂ ಮುಳುಗಿರಲಿಲ್ಲ, ಕೂಗಿದವರು ತಾವೆಂದು ಯಾರೂ ಹೇಳಲಿಲ್ಲ. ಕುಡಿದಿದ್ದ ಎಂದರು ಕೆಲವರು. ಅಯ್ಯಪ್ಪನಿಗೆ ಅದಕ್ಕಿಂತ ದೊಡ್ಡ ಭಯ ಹೊಕ್ಕಿತ್ತು. ಮನುಷ್ಯರಿಲ್ಲದ ಕಡೆಯಿಂದ ಹೊಳೆಯೇ ಮನುಷ್ಯರ ದನಿಯಲ್ಲಿ ಕರೆದರೆ ಆ ಅಂಬಿಗನ ಋಣ ಮುಗಿಯಿತೆಂದು ಅವರಲ್ಲಿ ನಂಬಿಕೆ. ಅವನು ಮತ್ತೆ ಹುಟ್ಟು ಹಿಡಿಯಬಾರದು. ಇನ್ನು ಹೊಳೆ ಮುಟ್ಟೆನೆಂದು ಅಯ್ಯಪ್ಪ ಆಣೆ ಹಾಕಿದ್ದ.

ಮರುದಿನ ತಮ್ಮಣ್ಣ ಶಾಲೆಯ ಹಜಾರದಲ್ಲಿ ಮಾಸ್ತರರನ್ನು ನೇರವಾಗಿ ಕೇಳಿದ. "ಸರ್, ನಿನ್ನಿ ಪರೀಕ್ಷಾ ಆತೇನ್ರಿ?"

"ಇಲ್ಲಪಾ. ನಿಂತ್ಹೋತು."

ನಾಲಿಗೆಗೆ ಎಲುಬಿಲ್ಲ. ಆಡಿ ಮುಗಿಸಿದ ಮೇಲೆ ಮಾಸ್ತರರು ತಮ್ಮ ದನಿಯನ್ನು ತಾವೇ ಕೇಳಿ ಬೆಚ್ಚಿದರು. ತಿದ್ದಿಕೊಳ್ಳಬಹುದಿತ್ತು. ಹುಡುಗ "ಹೂಂ ರೀ" ಎಂದು ನಂಬಿ ಹೋಗಿಬಿಟ್ಟ.

ಅದೇ ಸಂಜೆ ಮಹಾದೇವಮ್ಮನಿಗೆ ಮಣ್ಣು ಕೊಟ್ಟರು. ಮಠದ ಅಯ್ಯನವರು ಚಿಂಚೋಳಿಗೆ ಹೋಗಿದ್ದರು. ಮಣ್ಣು ಮುಚ್ಚುವ ಮೊದಲು ಜಂಗಮರೊಬ್ಬರು ತೀರಿಕೊಂಡವರ ತಲೆಗೆ ಪಾದ ಮುಟ್ಟಿಸಬೇಕು. ಊರವರು ಗುರುಲಿಂಗಯ್ಯನವರನ್ನೇ ಕರೆದರು. ಒಲ್ಲೆ ಎನ್ನಲು ಅವರಿಗೆ ಯಾವ ನೆಪವೂ ಸಿಗಲಿಲ್ಲ. ತಮ್ಮ ಕೂಗು ಕೊಂದ ಮುದುಕಿಯ ತಲೆಯ ಮೇಲೆ ಅವರು ತಮ್ಮ ಬಲಗಾಲಿಟ್ಟರು. ಮುದುಕಿಯ ಮಗಳು ಭಾಗಮ್ಮ ಬಗ್ಗಿ ಅದೇ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಇತ್ತ ಸ್ಕೌಟ್ ತಾಲೀಮು ನಿಲ್ಲುವಂತಿರಲಿಲ್ಲ. ಬುಧವಾರ ಹುಡುಗರು ಸಾಲಾಗಿ ನಿಂತು ನಿಯಮ ಹೇಳಬೇಕು. ಮೊದಲನೆಯ ನಿಯಮವೇ ಸ್ಕೌಟ್ ನಂಬಿಕೆಗೆ ಅರ್ಹನು ಎಂಬುದು. ಅಂಬಾರಾಯನ ತುಟಿ ಮಾತ್ರ ಅಲುಗಲಿಲ್ಲ, ಕಣ್ಣು ಮಾಸ್ತರರ ಮೇಲೆಯೇ ಇತ್ತು. ಮುಂದಿನ ಬುಧವಾರ ಮಾಸ್ತರರು ಹೊತ್ತಾಯಿತೆಂದು ಹೇಳಿ ಎರಡನೆಯ ನಿಯಮದಿಂದ ಸುರು ಮಾಡಿಸಿದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬಂತಾಯಿತು. ತಾಲೀಮು ಮುಗಿದ ಮೇಲೆ ಅಂಬಾರಾಯ ಹಿಂದೆ ಉಳಿದ.

"ಸರ್, ನೀವ ಹೇಳ್ತೀರಿ ಅಂತ ನಾ ಸುಮ್ಮನದೀನಿ. ಯಾವಾಗ ಹೇಳ್ತೀರಿ?"

"ಹೇಳ್ತೀನಪಾ. ಜರಾ ತಡಿ."

ಹದಿಮೂರು ವರ್ಷದ ಹುಡುಗ ತಡೆದುಕೊಂಡ, ನಲವತ್ತರ ಮಾಸ್ತರರ ಸಲುವಾಗಿ. ಇದಕ್ಕೇನು ಬಿಲ್ಲೆ ಕೊಡುತ್ತಾರೆಂಬುದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಹೀಗೆ ನಾಲ್ಕು ದಿನದ ಖಾಲಿ ಕಲಮು ಮುಂದಿಟ್ಟುಕೊಂಡು ಮಾಸ್ತರರು ಕೂತಿದ್ದ ರವಿವಾರ ಮಧ್ಯಾಹ್ನ, ತಮ್ಮಣ್ಣ ಅವರ ಮನೆಗೆ ಬಂದ. ಸ್ಕೌಟಿನ ಕೊರಳವಸ್ತ್ರವನ್ನು ಒಗೆದು ಮಡಿಚಿ ತಂದಿದ್ದ. ಕೋಲನ್ನೂ ತಂದಿದ್ದ.

"ಇವು ಸಾಲಿ ಸಾಮಾನ್ರಿ ಸರ್. ಇಟ್ಕೋರಿ. ನಾಳಿ ಇಚಾರಣಿ ಆದ್ಮ್ಯಾಲ ನಾ ಶಹಾಬಾದಕ್ಕ ಹೊಂಟೀನಿ."

"ಇಚಾರಣಿ ಇನ್ನಾ ಆಗಿಲ್ಲಲ್ಲೋ. ನಿಮ್ಮಪ್ಪ ಏನರೆ ಹೇಳ್ಯಾನು."

"ಅಪ್ಪ ಏನ ಹೇಳ್ತಾನ್ರಿ? ಹರಗೋಲ ಡಬ್ಬ ಹಾಕ್ಯಾನ. ನಂದ ತಪ್ಪು ಅಂತ ಹೆಬ್ಬಟ್ಟ ಒತ್ತಿ ಬರ್ತೀನಿ ಅಂತಾನ. ರಾತ್ರಿ ಎದ್ದ ಕುಂತು, ನೀ ಹೊಳಿಗಿ ಹೋಗಬ್ಯಾಡ, ನಾಳಿ ನಿನ್ನೂ ಕರೀತಾಳ ಅಂತಾನ. ಅವ್ವ ಅಳ್ತಾಳ." ಹುಡುಗ ಮೂಗು ಒರೆಸಿಕೊಂಡ. "ನಂಗ ಬಿಲ್ಲೆ ಬರ್ತದಂತಲ್ರಿ. ಅಪ್ಪನ ತಪ್ಪ ಬರದ್ರ ಬರ್ತದೇನ್ರಿ? ಹಂಗಿದ್ರ ನಂಗ ಬ್ಯಾಡ್ರಿ."

ಮಾಸ್ತರರು ಎದ್ದರು. ಚಪ್ಪಲಿ ಹುಡುಕಿದರು, ಕಣ್ಣೆದುರಿಗಿದ್ದರೂ ಕಾಣಲಿಲ್ಲ. ಬರಿಗಾಲಲ್ಲೇ ಹೊರಟರು. ಮೂರು ವಾರದ ಹೆದರಿಕೆ ಆಗಲೂ ಹೋಗಿರಲಿಲ್ಲ. ಆದರೆ ಆ ಹುಡುಗನ ಎದುರಿಗೆ ಇನ್ನೊಂದು ನಿಮಿಷ ಕೂತಿರುವುದು ನೌಕರಿ ಹೋಗುವುದಕ್ಕಿಂತ ಕಠಿಣವಾಗಿತ್ತು.

ಅಯ್ಯಪ್ಪ ಘಾಟಿನಲ್ಲಿ, ಬೋರಲು ಹಾಕಿದ ಹರಗೋಲಿನ ಪಕ್ಕ ಹೊಳೆಗೆ ಬೆನ್ನು ಮಾಡಿ ಕೂತಿದ್ದ. ಗುಡಿಸಲುಗಳು ಅಲ್ಲಿಂದ ನೂರು ಹೆಜ್ಜೆ; ಹಿಂದೆ ಬಂದ ತಮ್ಮಣ್ಣ ಮನೆಗೆ ಹೋದ. ಮಾಸ್ತರರು ನಿಂತಲ್ಲೇ ಹೇಳಿಬಿಟ್ಟರು.

"ಅಯ್ಯಪ್ಪ, ಆವತ್ತ ಕೂಗಿದಾಂವ ನಾನು. ಹೊಳಿ ಅಲ್ಲ. ಹುಡುಗರ ಪರೀಕ್ಷಾಕ್ಕಂತ ಸುಳ್ಳ ಕೂಗಿದೆ."

ಅಯ್ಯಪ್ಪ ಎದ್ದು ಕೈ ಮುಗಿದ. ಅವನ ಮುಖದಲ್ಲಿ ಸಿಟ್ಟೇನೂ ಕಾಣಲಿಲ್ಲ.

"ಅಯ್ಯನೋರ, ನೀವು ದೊಡ್ಡ ಮನಸಿನವ್ರು. ನನ್ನ ಸಮಾಧಾನಕ್ಕ ಹೇಳಾಕತ್ತೀರಿ, ಗೊತ್ತದ. ನನ್ನ ಪಾಪ ನಿಮ್ಮ ತಲಿ ಮ್ಯಾಲ ಹಾಕ್ಕೋಬ್ಯಾಡ್ರಿ."

"ಇಲ್ಲೋ ಮಾರಾಯ, ಖರೇ ಹೇಳಾಕತ್ತೀನಿ. ಅಂಬಾರಾಯ ಇದ್ದ ನನ್ನ ಜೋಡಿ."

"ಆ ದನಿ ನಾ ಕೇಳೀನ್ರಿ. ಸಾಯೂ ಮನಷ್ಯಾನ ದನಿ ಅದು. ಸುಳ್ಳ ಕೂಗಿದ್ರ ನನ್ನ ಕಿವಿಗಿ ಗೊತ್ತಾಗ್ತಿತ್ತಿಲ್ಲ?"

ಮಾಸ್ತರರು ಕಂಗಾಲಾದರು. ಮೂರು ವಾರ ಬಚ್ಚಿಟ್ಟ ಸತ್ಯವನ್ನು ಹೊರಗೆ ತಂದರೆ ಅದನ್ನು ಕೊಳ್ಳುವವರೇ ಇಲ್ಲ. ಅಂಗಲಾಚಿ ಹೇಳಿದಷ್ಟೂ ಅಯ್ಯಪ್ಪನಿಗೆ ಅವರ ದೊಡ್ಡತನವೇ ಕಂಡಿತು. ಕೊನೆಗೆ ಮಾಸ್ತರರು, "ಇಲ್ಲೇ ಕುಂದ್ರು. ಕೂಗಿ ತೋರಸ್ತೀನಿ. ಅದೇ ದನಿ ಹೌದೋ ಅಲ್ಲೋ ನೀನ ಹೇಳು" ಎಂದರು. ಅಯ್ಯಪ್ಪ ಬೇಡವೆಂದು ತಲೆಯಾಡಿಸಿದ. ಆಮೇಲೆ ಏನೆನ್ನಿಸಿತೋ, ಮೊದಲ ಸಲ ಹೊಳೆಯ ಕಡೆ ತಿರುಗಿ ಕೂತ.

ಮಾಸ್ತರರು ತಿರುವು ದಾಟಿ, ಬಟ್ಟೆಯಲ್ಲೇ ಮಡುವಿಗಿಳಿದರು. ನೀರು ತಣ್ಣಗಿತ್ತು, ಆವತ್ತಿನ ಗಾಳಿ ಇರಲಿಲ್ಲ. ಬಾಯಿ ತೆರೆದರೆ ದನಿ ಹೊರಡಲಿಲ್ಲ. ನಾಟಕದ ಗಂಟಲು ಎಲ್ಲಿ ಹೋಯಿತೋ. ಮಹಾದೇವಮ್ಮನ ತಲೆ ನೆನಪಾಯಿತು, ತಮ್ಮ ಕಾಲಿಗೆ ತಾಗಿದ ಆ ಒದ್ದೆ ಕೂದಲು ನೆನಪಾಯಿತು. ಆಗ ಹೊಟ್ಟೆಯ ಬುಡದಿಂದ ಕೂಗು ತಾನಾಗಿಯೇ ಕಿತ್ತುಕೊಂಡು ಬಂತು.

"ಉಳಸ್ರೋ ಯಪ್ಪಾ!"

ಎರಡನೆಯ ಸಲ ಕೂಗುವ ಹೊತ್ತಿಗೆ ತಿರುವಿನಲ್ಲಿ ಒಂದು ತಲೆ ಕಾಣಿಸಿತು. ಅಯ್ಯಪ್ಪ ಈಜಿ ಬರುತ್ತಿದ್ದ. ತಾನೇ ಕೂತು ಕೇಳುತ್ತೇನೆಂದು ಒಪ್ಪಿದವನು, ಸುಳ್ಳು ಕೂಗು ಬರುತ್ತದೆಂದು ಗೊತ್ತಿದ್ದವನು, ಮತ್ತೆ ಹೊಳೆ ಮುಟ್ಟೆನೆಂದು ಆಣೆ ಹಾಕಿದವನು. ಆವತ್ತು ಮಾಸ್ತರರು ನೋಡದೆ ಹೋದ ಮುಖ ಅದು. ಕಣ್ಣು ನೆಟ್ಟಿತ್ತು, ಬಾಯಿಯಲ್ಲಿ "ಬಂದೆ, ಬಂದೆ, ಅಂಜಬ್ಯಾಡ" ಎಂಬುದೊಂದೇ ಮಾತು. ಬಂದವನೇ ಅವರ ಕೊರಳಪಟ್ಟಿ ಹಿಡಿದು, ಮೋರೆ ನೀರಿನ ಮೇಲೆ ಬರುವಂತೆ ಮಲಗಿಸಿ, ಎಳೆದು ದಂಡೆಗೆ ಹಾಕಿದ. ಹಾಕಿದ ಮೇಲೆಯೇ ಇದು ಮಾಸ್ತರರೆಂಬುದು ಅವನಿಗೆ ತಿಳಿದದ್ದು.

"ಇದ ದನಿ" ಎಂದ. ಆಮೇಲೆ ಕೂತು, ಎರಡೂ ಕೈಯಿಂದ ಹೊಳೆಯ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು ಅಳತೊಡಗಿದ. "ನಮ್ಮ ಹೊಳಿಯವ್ವನ ಮ್ಯಾಲ ಅನುಮಾನ ಪಟ್ಟೆನಲ್ಲೋ ಶಿವನೇ. ಹೆತ್ತ ತಾಯಿ ಮೋಸ ಮಾಡ್ಯಾಳ ಅಂದ್ನಲ್ಲೋ."

ಅಷ್ಟರಲ್ಲಿ ಗುಡಿಸಲುಗಳ ಜನವೆಲ್ಲ ಬಂದಿತ್ತು. ಕೈಗೆ ಹಿಟ್ಟು ಮೆತ್ತಿದ ಹೆಂಗಸರು, ಹಗ್ಗ ತಂದ ಮುದುಕರು. ಮುಂದೆ ತಮ್ಮಣ್ಣ, ಮೈಯೆಲ್ಲ ನೀರು. ಯಾರು, ಯಾರು ಬಿದ್ದಾರ ಎಂದು ಕೇಳಿದರು. ಮಾಸ್ತರರು ಕೆಸರಿನಲ್ಲಿ ಕೂತೇ ಎಲ್ಲವನ್ನೂ ಹೇಳಿದರು, ತಮ್ಮಣ್ಣನಿಗೆ ಪರೀಕ್ಷೆ ನಿಂತಿತೆಂದು ಹೇಳಿದ ಸುಳ್ಳನ್ನೂ ಬಿಡದೆ. ಯಾರೂ ಕೈಯೆತ್ತಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಒಬ್ಬೊಬ್ಬರೇ ಹಗ್ಗ ಸುತ್ತಿಕೊಂಡು ತಿರುಗಿ ನಡೆದರು.

ತಮ್ಮಣ್ಣ ಉಳಿದ. ಅಪ್ಪನನ್ನು ನೋಡಿದ, ಮಾಸ್ತರರನ್ನು ನೋಡಿದ.

"ನಾ ಮೊದಲ ಹೇಳಿದ್ನಲ್ರಿ ಸರ್."

"ಹೌದಪಾ. ಹೇಳಿದ್ದಿ."

"ಬರೀತೀರೇನ್ರಿ ಇದನ್ನ?"

"ಬರೀತೀನಿ. ಸೇಡಂಕ್ಕೂ ನಾನ ಬಂದು ಹೇಳ್ತೀನಿ."

ಹುಡುಗ ಅಂಗಿಯ ನೀರು ಹಿಂಡಿದ. "ಭಾಗಮ್ಮತ್ತಿಗಿ ಯಾರ ಹೇಳ್ತಾರ್ರಿ? ದಿನಾ ಮುಂಜಾನಿ ನಮ್ಮ ಘಾಟಿನ ಕಡಿ ಮಣ್ಣ ತೂರಿ ಅಪ್ಪಗ ಶಾಪ ಹಾಕ್ತಾಳ. ಏಳ್ರಿ ಸರ್, ಈಗ ಹೋಗೂಣು. ನಾ ಬರ್ತೀನಿ ನಿಮ್ಮ ಜೋಡಿ."

ಅವನು ಕೈ ಕೊಟ್ಟ. ಮಾಸ್ತರರು ಅದನ್ನು ಹಿಡಿದು ಎದ್ದರು. ಹೊತ್ತು ಇಳಿಯುತ್ತಿತ್ತು. ಹುಡುಗ ಮುಂದೆ, ಒದ್ದೆ ಧೋತರದ ಮಾಸ್ತರರು ಹಿಂದೆ, ಊರ ಅಗಸಿ ಬಾಗಿಲು ದಾಟಿ ಮಹಾದೇವಮ್ಮನ ಮನೆಯ ಕಟ್ಟೆಗೆ ಬಂದರು. ಭಾಗಮ್ಮ ಬಾಗಿಲಲ್ಲೇ ಜೋಳ ಹಸನು ಮಾಡುತ್ತಿದ್ದಳು. ತಮ್ಮಣ್ಣನನ್ನು ಕಂಡು ಹುಬ್ಬು ಗಂಟಿಕ್ಕಿತು. ಹಿಂದೆ ಮಾಸ್ತರರನ್ನು ಕಂಡು ಮೊರ ಬದಿಗಿಟ್ಟು, ಸೆರಗು ಹೊದ್ದು ಎದ್ದಳು.

"ಶರಣ್ರೀ ಅಯ್ಯನೋರ. ಬರ್ರಿ, ಕುಂದ್ರಿ. ಮೈಯೆಲ್ಲ ತೊಯ್ದದಲ್ರಿ, ಏನಾತ್ರಿ?" ಉತ್ತರಕ್ಕೂ ಕಾಯದೆ ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದಳು. ಮನೆಗೆ ಬಂದ ಜಂಗಮರ ಪಾದಕ್ಕೆ ನೀರು ಹಾಕುವುದು ಆ ಮನೆಯ ಪದ್ಧತಿ. ಅವ್ವ ಸತ್ತ ಮನೆಯೆಂದು ಅವಳು ಅದನ್ನು ಬಿಟ್ಟಿರಲಿಲ್ಲ. ಬಗ್ಗಿದಳು.

ಮಾಸ್ತರರು ಕಾಲು ಹಿಂದಕ್ಕೆಳೆದುಕೊಂಡರು.

"ತಡಿಯವ್ವಾ. ಮೊದಲ ನಾ ಹೇಳೂದು ಕೇಳು. ಆಮ್ಯಾಲ ಈ ಕಾಲಿಗಿ ನೀರ ಹಾಕೂದೋ ಬಿಡೂದೋ ನೀನ ನೋಡು."

ಭಾಗಮ್ಮ ತಂಬಿಗೆ ಹಿಡಿದುಕೊಂಡೇ ನಿಂತಳು. ಮಾಸ್ತರರು ಹೇಳತೊಡಗಿದರು.